ಚಂಪಾಬಾಯಿ ಹುಡುಕಿದ ಗಟ್ಟಿ ಮಕ್ಕಳು

ಗಡಹಿಂಗ್ಲಜದ ಕಾಸಾರ ಗಲ್ಲಿಯ ಚಂಪಾಬಾಯಿ ಮನೆಯಲ್ಲಿದ್ದಾಳೋ ಇಲ್ಲವೋ ಎಂದು ತಿಳಿಯಲು ಬಾಗಿಲವರೆಗೆ ಹೋಗಬೇಕಾಗಿರಲಿಲ್ಲ. ಗಲ್ಲಿಯ ತಿರುವಿಗೆ ಬಂದು ನಿಂತರೆ ಸಾಕು, ದನಿ ಕೇಳುತ್ತಿತ್ತು. ಬಳೆ ಮಾರುವುದು ಆ ಜೈನ ಮನೆತನದ ಕಸುಬು. ಗಂಡ ಕುಂಥುನಾಥ ಅಂಗಡಿಯಲ್ಲಿ ಕೂತು ಮೂಗಿಗೆ ತಪಕೀರು ಏರಿಸುತ್ತ ಗಿರಾಕಿಗಳ ದಾರಿ ಕಾಯುತ್ತಿದ್ದ. ಚಂಪಾಬಾಯಿ ದಾರಿ ಕಾಯುವ ಪೈಕಿ ಅಲ್ಲ. ಬಳೆಯ ಮಲಾರವನ್ನು ಹೆಗಲಿಗೇರಿಸಿಕೊಂಡು ಊರಿನ ಓಣಿ ಓಣಿ ಸುತ್ತಿ, ಸಾಲದ್ದಕ್ಕೆ ಮಹಾಗಾಂವದವರೆಗೂ ಹೋಗಿ ಬರುತ್ತಿದ್ದಳು. ಒಬ್ಬಳ ಕೈ ಹಿಡಿದು ಬಳೆ ಇಡಿಸಲು ಕೂತಳೆಂದರೆ ಬಳೆ ಮೇಲೇರುವುದರೊಳಗೆ ಆ ಮನೆಯ ಸುದ್ದಿಯೆಲ್ಲ ಕೆಳಗಿಳಿದಿರುತ್ತಿತ್ತು. ಕೈ ಅವಳ ಮುಷ್ಟಿಯಲ್ಲಿರುವಾಗ ಎದ್ದು ಹೋಗುವುದಾದರೂ ಹೇಗೆ!

ಇಂಥ ಮಾತಿನ ಮಲ್ಲಿ ಒಂದು ಮಾತನ್ನು ಮಾತ್ರ ಆಡುತ್ತಿರಲಿಲ್ಲ. ತನ್ನ ಮಗಳು ಶಾಲನ ಚೆನ್ನಾಗಿದ್ದಾಳೆ ಎಂಬ ಮಾತು.

"ಶಾಲನ ಆರಾಮ ಅದಾಳೇನ್ರಿ?" ಎಂದು ಯಾರಾದರೂ ಕೇಳಿದರೆ ಸಾಕು, ಚಂಪಾಬಾಯಿಯ ಮೋರೆ ಇಳಿಯುತ್ತಿತ್ತು. "ಏನ ಆರಾಮ್ರಿ! ಉಣ್ಣೂದಿಲ್ಲ, ತಿನ್ನೂದಿಲ್ಲ. ಬರೇ ಎಲಬ ಉಳದಾವ. ಥಂಡಿ ಬಂತಂದ್ರ ಕೆಮ್ಮ ಹಿಡೀತೈತಿ." ಹೀಗೆ ಅವಳು ಹೇಳುವ ಹೊತ್ತಿಗೆ ಆ ಎಲುಬಿನ ಹಂದರ ಎರಡು ಬಗಲಿಗೆ ಎರಡು ಕೊಡ ಇಟ್ಟುಕೊಂಡು, ಹಾಡು ಗುನುಗುತ್ತ, ಬಾವಿಯಿಂದ ಬರುತ್ತಿರುತ್ತಿತ್ತು.

ಇದು ಚಂಪಾಬಾಯಿಯೊಬ್ಬಳ ಚಾಳಿಯಲ್ಲ. ಆ ಸೀಮೆಯಲ್ಲಿ ಹಡೆದವಳು ತನ್ನ ಕೂಸನ್ನು ಹೊಗಳುವಂತಿರಲಿಲ್ಲ. ಮಂದಿಯ ದೃಷ್ಟಿ ಆಮೇಲೆ, ತಾಯಿಯ ದೃಷ್ಟಿಯೇ ಮೊದಲು ತಾಗುತ್ತದೆ ಎಂದು ಎಲ್ಲರೂ ನಂಬಿದ್ದರು. ಆದರೆ ಬೇರೆಯವರಿಗೆ ಅದು ಕೇಳಿದ ಮಾತು, ಚಂಪಾಬಾಯಿಗೆ ಉಂಡ ಮಾತು. ಶಾಲನಳಿಗಿಂತ ಮೊದಲು ಅವಳಿಗೊಬ್ಬ ಮಗನಿದ್ದ, ಧರಣೇಂದ್ರ ಎಂದು. ಎರಡು ವರ್ಷದ ಆ ಕೂಸನ್ನು ಬಗಲಲ್ಲಿ ಎತ್ತಿಕೊಂಡು, ಬಳೆ ಕೊಳ್ಳಲು ಬಂದ ಒಬ್ಬಾಕೆಗೆ, "ನನ್ನ ಮಗಾ ಕಲ್ಲಗುಂಡ ಆಗ್ಯಾನ ನೋಡ್ರಿ" ಅಂದಿದ್ದಳು. ಅದು ಸಾವಿರದ ಒಂಬೈನೂರ ಹದಿನೆಂಟನೇ ಇಸವಿಯ ದೊಡ್ಡ ಜ್ವರದ ವರ್ಷ. ಆ ಅಮಾವಾಸ್ಯೆ ದಾಟುವುದರೊಳಗೆ ಕೂಸು ಹೋಯಿತು. ಆ ವರ್ಷ ಓಣಿಗೆ ಓಣಿಯೇ ಹಾಸಿಗೆ ಹಿಡಿದಿತ್ತು. ಹೊಗಳಿಸಿಕೊಂಡ ಮಕ್ಕಳೂ ಹೋದವು, ಬೈಸಿಕೊಂಡ ಮಕ್ಕಳೂ ಹೋದವು. ಇದು ಚಂಪಾಬಾಯಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದು ಏನು ಮಾಡುವುದು, ಆ ಮಾತು ಆಡಿದ ಬಾಯಿ ತನ್ನದೇ ಆಗಿತ್ತಲ್ಲ. ಅಂದಿನಿಂದ ಧರಣೇಂದ್ರನ ಹೆಸರು ಅವಳ ಬಾಯಿಂದ ಬಂದದ್ದೇ ಇಲ್ಲ. ತನಗೊಬ್ಬ ಅಣ್ಣನಿದ್ದ ಎಂಬುದು ಶಾಲನಳಿಗೆ ತಿಳಿದದ್ದು ಅಪ್ಪನಿಂದ.

ಮೂವತ್ತೆಂಟನೇ ಇಸವಿಯಲ್ಲಿ ಶಾಲನ ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದಳು. ಅವಳಿಗೆ ಕೊಲ್ಲಾಪುರದಲ್ಲಿ ಟ್ರೇನಿಂಗು ಮುಗಿಸಿ ಶಾಲೆಯಲ್ಲಿ ಕಲಿಸುವ ಬಾಯಿಯಾಗುವ ಆಸೆ. ಚಂಪಾಬಾಯಿಗೆ ಆ ಆಸೆ ಮಗಳಿಗಿಂತ ಹೆಚ್ಚು. ಕುಂಥುನಾಥ ಎರಡು ಚಿಟಿಕೆ ತಪಕೀರಿನಷ್ಟು ಹೊತ್ತು ವಿಚಾರ ಮಾಡಿ "ಹೋಗಲಿ" ಅಂದ. ತಾಯಿ ಮಗಳು ಕೊಲ್ಲಾಪುರಕ್ಕೆ ಹೋದರು. ಟ್ರೇನಿಂಗ್ ಶಾಲೆಯವರಿಗೆ ಹುಡುಗಿಯ ಮಾರ್ಕು ಮೆಚ್ಚಿಗೆಯಾಯಿತು, ಅಕ್ಷರ ಮೆಚ್ಚಿಗೆಯಾಯಿತು. ಕೊನೆಗೆ ಅಲ್ಲಿಯ ಡಾಕ್ಟರರು ಬೆರಳು ಚುಚ್ಚಿ ರಕ್ತ ನೋಡಿದರು. ದಪ್ಪ ಪುಸ್ತಕವೊಂದನ್ನು ತೆರೆದು, ಇರಬೇಕಾದದ್ದಕ್ಕಿಂತ ರಕ್ತ ಕಡಿಮೆ ಇದೆ, ಹುಡುಗಿಯರ ವಸತಿಯಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ, ಮುಂದಿನ ವರ್ಷ ಇನ್ನೊಂದು ಸಲ ತೋರಿಸಿ ಅಂದರು.

ಊರಿಗೆ ಬಂದ ಮೇಲೆ ಕುಂಥುನಾಥ ತನ್ನ ಜನ್ಮದಲ್ಲೇ ಉದ್ದವೆನ್ನಬಹುದಾದ ಮಾತಾಡಿದ. ಇಚಲಕರಂಜಿಯಲ್ಲಿ ಮಗ್ಗಗಳಿದ್ದ ಒಂದು ಮನೆಯಿಂದ ಶಾಲನಳನ್ನು ಸೊಸೆಯಾಗಿ ಕೇಳಿ ಆಗಲೇ ಹೇಳಿ ಕಳಿಸಿದ್ದರು. "ಒಂದ ವರ್ಷ ಕಾಯ್ತೇನಿ. ಆಗೂ ಕೊಲ್ಲಾಪುರದವ್ರು ಒಲ್ಲೆ ಅಂದ್ರ ಇಚಲಕರಂಜಿಯವ್ರಿಗೆ ಹೂಂ ಅಂತೇನಿ. ಆಮ್ಯಾಲ ಇಬ್ಬರೂ ಅಳಬಾರ್ದು."

ಚಂಪಾಬಾಯಿ ಅಳಲಿಲ್ಲ. ಮಲಾರ ಕೆಳಗಿಟ್ಟು ನೆಟ್ಟಗೆ ಪದ್ಮಕುಮಾರನ ದವಾಖಾನೆಗೆ ನಡೆದಳು.

ಡಾಕ್ಟರ್ ಪದ್ಮಕುಮಾರ ದಾನೋಳಿಯ ಒಕ್ಕಲು ಮನೆತನದ ಹುಡುಗ. ಮುಂಬಯಿಯಲ್ಲಿ ಕಲಿತು ಬಂದು ಗಡಹಿಂಗ್ಲಜದಲ್ಲಿ ದವಾಖಾನೆ ಇಟ್ಟಿದ್ದ. ಜಾಣ, ಪಾಪದವನು, ಮಾತಿಗೆ ಮೊದಲು ಕನ್ನಡಕ ಒರೆಸುವವನು. ದೂರದ ನೆಂಟಸ್ತನ ಹಿಡಿದು ಚಂಪಾಬಾಯಿಯನ್ನು ಚಿಕ್ಕಮ್ಮನ ಸಾಲಿಗೆ ಸೇರಿಸಿ ಮಾವಶಿ ಎನ್ನುತ್ತಿದ್ದ. ಮಾವಶಿ ಬಂದವಳೇ ರೋಗಿಗಳು ಕೂಡುವ ಉದ್ದ ಬಾಕಿನ ಮೇಲೆ ಕೂತು ಕೇಳಿದಳು:

"ಪದ್ಮಣ್ಣಾ, ನನ್ನ ಮಗಳ ರಕ್ತ ಕಡಿಮಿ ಐತಿ ಅಂದ್ರು. ಕಡಿಮಿ ಅಂದ್ರ ಯಾರಕಿಂತ ಕಡಿಮಿ?"

ಡಾಕ್ಟರ ಕನ್ನಡಕ ಒರೆಸಿದ. ಕಪಾಟಿನಿಂದ ಕೊಲ್ಲಾಪುರದವರ ಬಳಿ ಇದ್ದಂಥದೇ ಪುಸ್ತಕ ತೆಗೆದು ತೋರಿಸಿದ.

"ಇದನ್ನ ಬರದಾಂವ ಯಾವ ಊರಾಂವ?"

"ವಿಲಾಯತಿಯಾಂವ, ಮಾವಶಿ."

"ನಮ್ಮ ಕಡೆ ಹುಡುಗೂರ್ನ ನೋಡ್ಯಾನ?"

"ಇಲ್ಲ."

"ರೊಟ್ಟಿ, ಶೇಂಗಾ ಹಿಂಡಿ ಉಂಡಾನ?"

"ಅಂವ ಎಲ್ಲಿ ಉಣ್ಣಬೇಕ್ರಿ!" ಡಾಕ್ಟರ ನಕ್ಕ. ಆಮೇಲೆ ನಗು ಬಿಟ್ಟು ಹೇಳಿದ. ಇದೇ ವಿಚಾರ ಅವನ ತಲೆಯಲ್ಲಿ ಬಂದು ಬಹಳ ದಿನವಾಗಿತ್ತು. ಆ ಪುಸ್ತಕದ ಅಂಕಿ ಹಿಡಿದು ನೋಡಿದರೆ ಅವನ ಕಡೆ ಬರುವ ಮಕ್ಕಳಲ್ಲಿ ಮುಕ್ಕಾಲು ಪಾಲು ರೋಗಿಗಳೇ; ಹೊರಗೆ ಬಂದು ನೋಡಿದರೆ ಅದೇ ಮಕ್ಕಳು ಗಿಡದ ಮೇಲೆ. ಹೀಗಾಗಿ ಈ ಸೀಮೆಯ ಗಟ್ಟಿ ಮಕ್ಕಳ ರಕ್ತವನ್ನೇ ನೋಡಬೇಕು. ಆರು ವರ್ಷದಿಂದ ಹದಿನಾರು ವರ್ಷದವರೆಗೆ, ಗಂಡು ಹೆಣ್ಣು ಎರಡೂ, ಹೊಲದವರು, ಅಂಗಡಿಯವರು, ಕುರಿಯವರು, ಎಲ್ಲರ ಮಕ್ಕಳೂ ಬೇಕು. ಆಗ ಇಲ್ಲಿಯವರಿಗೆ ಎಷ್ಟಿರುತ್ತದೆ ಎಂಬುದು ತಿಳಿಯುತ್ತದೆ.

"ಒಂದ ಅಂಕಿ ಅಲ್ಲ ಮಾವಶಿ, ಎರಡ ಅಂಕಿ ಸಿಗತಾವ. ಕೆಳಗಿಂದೊಂದು, ಮ್ಯಾಲಿಂದೊಂದು. ಅವೆರಡರ ನಡುವ ಇದ್ದವ್ರು ಆರಾಮ."

"ಹೌದಲ್ಲ, ಎಲ್ಲಾರ ಕೈಗೂ ಒಂದ ಬಳಿ ಹತ್ತತೈತೇನ?" ಅಂದಳು ಚಂಪಾಬಾಯಿ. "ಹಂಗಾರ ಮಾಡು. ಯಾಕ ಕುಂತಿ?"

"ಗಟ್ಟಿ ಹುಡುಗೂರ್ನ ಯಾರ ತರ್ತಾರ?"

"ನಾ ತರ್ತೇನಿ."

ಡಾಕ್ಟರ ಮತ್ತೆ ಕನ್ನಡಕಕ್ಕೆ ಕೈ ಹಾಕಿದ. "ಒಂದ ಮಾತ, ಮಾವಶಿ. ಎಲ್ಲಾ ಮುಗದ ಮ್ಯಾಲ ಶಾಲನಂದು ನೋಡೋಣು. ಅಕಿ ಅಂಕಿ ಕೆಳಗಿಂದಕಿಂತ ಕೆಳಗ ಬಂತಂದ್ರ ನಾ ಸುಳ್ಳ ಬರಿಯಾಂವಲ್ಲ."

"ಬರೀ ಅಂತ ಯಾರ ಅಂದಾರ?" ಎಂದು ಚಂಪಾಬಾಯಿ ಎದ್ದಳು.

ಡಾಕ್ಟರನಿಗೆ ತನ್ನ ಕಲಿಕೆಯ ಮೇಲೆ ಭರವಸೆ. ಮೊದಲು ಡಂಗುರ ಹೊಡೆಸಿದ. ಆರೋಗ್ಯವಂತ ಮಕ್ಕಳನ್ನು ರಕ್ತ ನೋಡಲು ದವಾಖಾನೆಗೆ ಕರೆತರಬೇಕು, ಪುಕ್ಕಟೆ. ಮರುದಿನ ಬೆಳಿಗ್ಗೆ ದವಾಖಾನೆಯ ಮುಂದೆ ಸಾಲೇ ನಿಂತಿತ್ತು. ಕೆಮ್ಮುವ ಮಕ್ಕಳು, ಕಿವಿ ಸೋರುವ ಮಕ್ಕಳು, ಕಜ್ಜಿಯವು, ಗಜಕರ್ಣದವು. ಪುಕ್ಕಟೆ ಎಂಬ ಮಾತು ಊರಿಗೆ ಕೇಳಿಸಿತ್ತು, ಆರೋಗ್ಯವಂತ ಎಂಬ ಮಾತು ಗಾಳಿಗೆ ಹೋಗಿತ್ತು. ಮಹಾಗಾಂವದಿಂದ ಬಂದ ಕುರಿಯವರ ದುಂಡವ್ವ ಜ್ವರದ ಮಗನನ್ನು ಬಗಲಲ್ಲಿಟ್ಟುಕೊಂಡು ನಿಂತಿದ್ದಳು. ಗಟ್ಟಿ ಇದ್ದವರನ್ನು ತರಬೇಕವ್ವಾ ಎಂದು ಡಾಕ್ಟರ ತಿಳಿಸಿ ಹೇಳಿದಾಗ ಆಕೆ ಅವನನ್ನೇ ಮರುಕದಿಂದ ನೋಡಿದಳು.

"ಗಟ್ಟಿ ಇದ್ದದ್ದನ್ನ ದವಾಖಾನಿಗೆ ಯಾಕ ತರೂದ್ರಿ, ಡಾಕ್ಟರ? ಅದು ಕುರಿ ಹಿಂದ ಹೋಗೇತಿ."

ನನ್ನನ್ನು ಕೇಳಿದರೆ ದುಂಡವ್ವನ ಮಾತಿನಲ್ಲಿ ತಪ್ಪೇನೂ ಇಲ್ಲ. ಡಾಕ್ಟರ ಸಂಜೆಯವರೆಗೆ ಕಜ್ಜಿಗೆ ಮುಲಾಮು ಹಚ್ಚಿದ.

ಆಮೇಲೆ ಚಂಪಾಬಾಯಿಯ ಸರದಿ. ಅವಳು ಮಲಾರ ಹೊತ್ತು ಹೊರಟಳು. ಮೊದಲನೆಯ ಮನೆ ಯಮುನವ್ವನದು. "ಯಮುನವ್ವಾ, ನಿಮ್ಮ ಹುಡುಗ ಗಟ್ಟಿ ಅದಾನಲ್ಲ?" ಯಮುನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಲ್ಲಿ ಗಟ್ಟಿರೀ, ಚಂಪಾಬಾಯಿ! ಒಂದ ತುತ್ತ ಇಳಿಯೂದಿಲ್ಲ ಗಂಟಲದಾಗ." ಅವಳ ಬೆನ್ನ ಹಿಂದೆಯೇ ಆ ಮಗ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಉಳ್ಳಾಗಡ್ಡಿ ಹಿಡಿದು, ಬಾಯಿ ತುಂಬಿದ್ದರಿಂದ ಮಾತಾಡಲಾರದೆ ನಿಂತಿದ್ದ. ಎರಡನೆಯ ಮನೆಯಲ್ಲಿಯೂ ಅದೇ, ಮೂರನೆಯದರಲ್ಲಿಯೂ ಅದೇ. ತಾಯಂದಿರ ಮಾತು ನಂಬಿದರೆ ಗಡಹಿಂಗ್ಲಜದ ಮಕ್ಕಳು ಇನ್ನೇನು ಒಂದೆರಡು ದಿನದ ನೆಂಟರು. ಚಂಪಾಬಾಯಿಗೆ ನಗು ಬಂತು, ಸಿಟ್ಟೂ ಬಂತು. ತಾನೂ ಇದೇ ಶಾಲೆಯಲ್ಲಿ ಕಲಿತವಳು ಎಂಬುದು ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ಬಂದರೆ ಅವಳು ಚಂಪಾಬಾಯಿ ಹೇಗಾದಾಳು!

ದಾರಿ ತೋರಿಸಿದ್ದು ಯಮುನವ್ವನ ಸಿಟ್ಟು. ಮರುದಿನ ಬಳೆ ಇಡಿಸುವಾಗ ಆಕೆಯ ಮಗ ಮೊಣಕಾಲು ಕೆತ್ತಿಸಿಕೊಂಡು ಅಳುತ್ತ ಬಂದ. ಯಮುನವ್ವ ಉರಿದೆದ್ದಳು. "ಆ ಶಿವವ್ವನ ಮಗಾ! ಮಗಾ ಅಲ್ರಿ ಅದು, ಕ್ವಾಣಾ! ಹಿಟ್ಟಿನ ಚೀಲ ಒಬ್ಬನ ಎತ್ತತೈತಿ. ನಮ್ಮ ಹುಡುಗನ್ನ ಕೆಡವಿ ಬಡದೈತಿ ನೋಡ್ರಿ!"

ಚಂಪಾಬಾಯಿ ಬಳೆ ಅರ್ಧಕ್ಕೇ ಬಿಟ್ಟು ಶಿವವ್ವನ ಮನೆಗೆ ಓಡಿದಳು. ಅಲ್ಲಿ ಶಿವವ್ವನ ಮಗನನ್ನು ವಿಚಾರಿಸದೆ ಯಮುನವ್ವನ ಮಗನನ್ನು ವಿಚಾರಿಸಿದಳು. "ಅವನಾ? ಗಿಡ ಬಿಟ್ಟ ಇಳಿಯಾಂವಲ್ಲ. ಮನ್ನೆ ನಮ್ಮ ಹಂಚ ಒಡದಾನ, ಹಲ್ಕಟ್ಟ," ಅಂದಳು ಶಿವವ್ವ. ಹೀಗೆ ಅವಳಿಗೆ ಸೂತ್ರ ಸಿಕ್ಕಿತು. ಗಡಹಿಂಗ್ಲಜದಲ್ಲಿ ತನ್ನ ಮಗ ಗಟ್ಟಿಯೆಂದು ಯಾರೂ ಹೇಳರು, ಪಕ್ಕದ ಮನೆಯವಳ ಮಗ ಗಟ್ಟಿಯೆಂದು ಎಲ್ಲರೂ ಹೇಳುತ್ತಾರೆ, ಅದೂ ಬೈಗುಳದಲ್ಲಿ. ಬೈಗುಳ ಎಷ್ಟು ಖಾರವೋ ಹುಡುಗ ಅಷ್ಟು ಗಟ್ಟಿ. ಇಡೀ ಮಳೆಗಾಲ ಚಂಪಾಬಾಯಿ ಊರಿನ ಬೈಗುಳ ಸೋಸುತ್ತ ತಿರುಗಿದಳು. ನಡುವೆ ಒಂದು ಸಲ, ಯಾರು ಯಾರ ಮಗನಿಗೆ ಕೋಣ ಅಂದರು ಎಂಬುದು ಬಯಲಾಗಿ, ಬಾವಿಕಟ್ಟೆಯ ಮೇಲೆ ಎರಡು ಕೊಡ ಒಡೆದವು. ತಪ್ಪು ಯಾರದೆಂದು ಕೇಳಿದರೆ ಎಲ್ಲರೂ ಬಳೆಗಾರ್ತಿಯ ಕಡೆ ಬೊಟ್ಟು ಮಾಡಿದರು.

ಮಕ್ಕಳು ಸಿಕ್ಕರೂ ತಾಯಂದಿರು ಕಳಿಸಬೇಕಲ್ಲ. ಅದಕ್ಕೂ ಅವಳೊಂದು ಉಪಾಯ ತೆಗೆದಳು. "ಡಾಕ್ಟರ ಬೆರಳ ತುದಿ ಚುಚ್ಚಿ ಒಂದ ಹನಿ ರಕ್ತ ತಗೀತಾನ. ಆ ಹನಿ ಜೋಡಿ ಹುಡುಗನ ಮ್ಯಾಗಿನ ದೃಷ್ಟಿನೂ ಹೊಂಟ ಹೋಕ್ಕೈತಿ." ಈ ಮಾತು ಕೇಳಿ ಡಾಕ್ಟರನ ಮುಖ ಕೆಂಪಾಯಿತು. ಇಂಥ ಮೂಢನಂಬಿಕೆಯನ್ನು ದವಾಖಾನೆಯ ಹೆಸರಿನಲ್ಲಿ ಹರಡಬಾರದು ಎಂದು ಅವನು ಹೇಳಲಿಕ್ಕಿದ್ದ. ಅಷ್ಟರಲ್ಲಿ ಹೊರಗೆ ಗಟ್ಟಿ ಮಕ್ಕಳ ಸಾಲು ಮೂಲೆ ತಿರುಗಿದ್ದು ಕಂಡಿತು. ಕನ್ನಡಕ ಒರೆಸಿ, ಸೂಜಿ ಕುದಿಸಲು ಇಟ್ಟ.

ಕೆಲಸ ನಿಧಾನದ್ದು. ಬೆರಳು ಚುಚ್ಚಿ, ಕೂದಲೆಳೆಯಂಥ ಗಾಜಿನ ನಳಿಗೆಯಿಂದ ಗೆರೆಯವರೆಗೆ ರಕ್ತ ಎಳೆದು, ಆಮ್ಲ ಹಾಕಿದ ಸಣ್ಣ ಕೊಳವೆಯಲ್ಲಿ ಬಿಡಬೇಕು. ಕೆಂಪು ಕಂದಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಹನಿಹನಿಯಾಗಿ ನೀರು ಹಾಕುತ್ತ ಕಲಸುತ್ತ, ಪಕ್ಕದಲ್ಲಿಟ್ಟ ಗಾಜಿನ ಬಣ್ಣಕ್ಕೆ ಸರಿಯಾಗುವವರೆಗೆ ತಿಳಿ ಮಾಡಬೇಕು. ನೀರು ಎಲ್ಲಿಗೆ ಬಂದು ನಿಂತಿತೋ ಅಲ್ಲಿಯ ಅಂಕಿ ಓದಬೇಕು. ರಕ್ತ ಚೆನ್ನಾಗಿದ್ದರೆ ನೀರು ಹೆಚ್ಚು ಹಿಡಿಯುತ್ತದೆ. ಚಂಪಾಬಾಯಿ ಹೆಗಲ ಮೇಲಿಂದ ಇಣುಕಿ, "ಇನ್ನೊಂದ ಹನಿ, ಇನ್ನೊಂದ ಹನಿ, ಆತು ಆತು!" ಎಂದು ಕೂಗುತ್ತಿದ್ದಳು. ಎರಡನೆಯ ದಿನ ಡಾಕ್ಟರ ಕೈ ಮುಗಿದು ಅವಳನ್ನು ಹೊರಗಿನ ಬಾಕಿನ ಮೇಲೆ, ಗೋಡೆಯ ಕಡೆ ಮುಖ ಮಾಡಿಸಿ ಕೂಡಿಸಿದ.

ಅವಳ ಆಯ್ಕೆಯೆಲ್ಲ ಸರಿಯಾಗುತ್ತಿತ್ತು ಎಂದೇನಿಲ್ಲ. ಕಾಕಾಸಾಹೇಬ ಸಾಹುಕಾರನ ಮೊಮ್ಮಗನನ್ನು, ಇವನಂಥ ಗಟ್ಟಿ ಹುಡುಗ ತಾಲೂಕಿನಲ್ಲೇ ಇಲ್ಲವೆಂದು ಮೆರವಣಿಗೆಯಲ್ಲಿ ತಂದಂತೆ ತಂದಳು. ಗಲ್ಲ ಬೆಣ್ಣೆ, ಹೊಟ್ಟೆ ಗಡಿಗೆ. ಕೊಳವೆಯಲ್ಲಿ ಎರಡು ಹನಿ ನೀರು ಬೀಳುವುದರೊಳಗೆ ಬಣ್ಣ ತಿಳಿಯಾಗಿ ಹೋಯಿತು. ಹುಡುಗನ ಹೊಟ್ಟೆ ತುಂಬ ಜಂತು. ಡಾಕ್ಟರ ಔಷಧ ಕೊಟ್ಟು ಕಳಿಸಿದ. ಮನೆತನದ ಮರ್ಯಾದೆ ಹೋಯಿತೆಂದು ಕಾಕಾಸಾಹೇಬ ಹಬ್ಬದವರೆಗೆ ಬಳೆಗಾರರ ಮನೆಯ ಕಡೆ ತಿರುಗಿ ನೋಡಲಿಲ್ಲ. ಕುಂಥುನಾಥ ಮಾತ್ರ ಒಳಗೊಳಗೆ ನಕ್ಕ. ತನ್ನ ಹೆಂಡತಿಯ ಅಂದಾಜು ತಪ್ಪಿದ್ದನ್ನು ಅವನು ಅದೇ ಮೊದಲು ಕಂಡದ್ದು.

ಚಳಿಗಾಲ ಬಂತು. ಅಂಕಿಗಳು ಹಾಳೆಯ ಮೇಲೆ ಕೂಡುತ್ತ ಬಂದವು. ಕೊಲ್ಲಾಪುರದಲ್ಲಿ ಬಂದಿದ್ದ ಶಾಲನಳ ಅಂಕಿ ಚಂಪಾಬಾಯಿಗೆ ಬಾಯಿಪಾಠ. ಹೊಸ ಅಂಕಿ ಬಂದಾಗಲೆಲ್ಲ ಅದು ಶಾಲನಳದಕ್ಕಿಂತ ಮೇಲೋ ಕೆಳಗೋ ಎಂದು ಕೇಳದೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಕೆಲವು ದಿನ ಒಂದೇ ಸಮನೆ ಮೇಲಿನ ಅಂಕಿಗಳೇ ಬಂದವು. ಆಗ ಅವಳೊಂದು ಕೆಲಸ ಮಾಡಿದಳು. ಕೆರೆಯ ಕಡೆಯ ಓಣಿಯಿಂದ ನಾಲ್ಕಾರು ಮಕ್ಕಳನ್ನು ಸಾಲಾಗಿ ತಂದು ನಿಲ್ಲಿಸಿದಳು. ತೆಳ್ಳಗಿನ ಕೈಕಾಲು, ಬಿಳಿಚಿದ ತುಟಿ. "ಎಲ್ಲಾ ಗಟ್ಟಿ ಅದಾವ, ನೋಡಿಕೋ," ಅಂದು ಬೇರೆ ಕಡೆ ನೋಡುತ್ತ ನಿಂತಳು.

ಡಾಕ್ಟರ ಸೂಜಿ ತೆಗೆಯಲಿಲ್ಲ. ಒಂದೊಂದೇ ಮಗುವನ್ನು ಮಲಗಿಸಿ ಹೊಟ್ಟೆಯ ಎಡಭಾಗ ಒತ್ತಿ ನೋಡಿದ. ಚಳಿಜ್ವರದ ಗಡ್ಡೆ ಕೈಗೆ ಸಿಗುತ್ತಿತ್ತು.

"ಮಾವಶಿ, ಇವು ಗಟ್ಟಿ ಅದಾವ?"

ಚಂಪಾಬಾಯಿ ಹತ್ತಿರದ ಕೂಸಿನ ಮೇಲೆದ್ದ ಅಂಗಿಯನ್ನು ಕೆಳಗೆ ಎಳೆದಳು.

"ಕೈ ಸಣ್ಣದಿದ್ರ ಸಣ್ಣ ಬಳಿ ಕೊಡಬಹುದು, ಇದು ಬಳಿ ಅಲ್ಲ. ಇವನ್ನೂ ಗಟ್ಟಿ ಮಕ್ಕಳಾಗ ಹಿಡದ್ರ ಕೆಳಗಿನ ಅಂಕಿ ಇನ್ನೂ ಕೆಳಗ ಹೋಕ್ಕೈತಿ, ಶಾಲನ ಒಳಗ ಬರ್ತಾಳ. ಖರೇ. ಆದರ ನಾಳೆ ಇಂಥಾದ ಬ್ಯಾನಿ ಇದ್ದ ಕೂಸು ಬಂತಂದ್ರ, ನೀ ಆರಾಮ ಅದಿ ಹೋಗು ಅಂತ ನಾನ ಹೊಳ್ಳಿ ಕಳಸ್ತೇನಿ. ಅದರವ್ವಗ ಏನ ಹೇಳ್ಲಿ?"

ಚಂಪಾಬಾಯಿ ಬಾಕಿನ ಮೇಲೆ ಕೂತುಬಿಟ್ಟಳು. ಕಲ್ಲುಗುಂಡಿನಂಥ ಮಗನಿಗೆ ಏನಾದೀತು ಎಂದು ನಂಬಿ ಕೂತಿದ್ದ ಮನೆಯಲ್ಲಿ, ಮಗನ ಮೈ ಸುಡುತ್ತಿದೆ ಎಂಬುದು ಎಷ್ಟು ತಡವಾಗಿ ಕೈಗೆ ಹತ್ತಿತ್ತು ಎಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು. ಮಕ್ಕಳ ಕಡೆ ಕೈ ಮಾಡಿ ಅಂದಳು, "ಇವಕ್ಕ ಔಷಧ ಕೊಡು, ಪದ್ಮಣ್ಣಾ. ಬರಿಯೂದ ಬ್ಯಾಡ." ಆ ಮಕ್ಕಳನ್ನು ಔಷಧ ಮುಗಿಯುವವರೆಗೂ ತಾನೇ ಕರೆತಂದು ತಾನೇ ಕರೆದೊಯ್ದಳು. ಅಲ್ಲಿಂದ ಮುಂದೆ ಅಂಕಿ ಮೇಲೋ ಕೆಳಗೋ ಎಂದು ಕೇಳುವುದನ್ನೂ ಬಿಟ್ಟಳು.

ಬೇಸಿಗೆಗೆ ಡಾಕ್ಟರನ ಲೆಕ್ಕ ಮುಗಿಯಿತು. ಇಲ್ಲಿಯ ಗಟ್ಟಿ ಮಕ್ಕಳ ಎರಡು ಅಂಕಿಗಳೂ ಪುಸ್ತಕದಲ್ಲಿಯ ಅಂಥವೇ ಎರಡಕ್ಕಿಂತ ಕೆಳಗಿದ್ದವು. ಕುರಿಯವರ ಮಕ್ಕಳು ಒಂದಿಷ್ಟು ಮೇಲೆ, ಅಂಗಡಿಯವರ ಮಕ್ಕಳು ಒಂದಿಷ್ಟು ಕೆಳಗೆ. ಹದಿನಾಲ್ಕು ದಾಟಿದ ಹುಡುಗರದು ಏರುತ್ತ ಹೋಗುತ್ತಿತ್ತು, ಅದೇ ವಯಸ್ಸಿನ ಹುಡುಗಿಯರದು ಇದ್ದಲ್ಲೇ ನಿಲ್ಲುತ್ತಿತ್ತು. ಕೊನೆಗೆ ಶಾಲನಳ ಬೆರಳು ಚುಚ್ಚಿದ. ಚಂಪಾಬಾಯಿ ಹೇಳಿಸಿಕೊಳ್ಳದೆ ತಾನಾಗಿ ಗೋಡೆಯ ಕಡೆ ಮುಖ ಮಾಡಿ ಕೂತಳು. ನೀರಿನ ಹನಿ ಬೀಳುವ ಸದ್ದು ಕೇಳುವುದಿಲ್ಲ, ಆದರೂ ಅವಳು ಕಿವಿ ಕೊಟ್ಟಿದ್ದಳು.

"ಒಳಗದಾಳ, ಮಾವಶಿ," ಅಂದ ಪದ್ಮಕುಮಾರ. "ಹುಡುಗ್ಯಾರ ಅಂಕಿ ನಡುವಿಗಿಂತ ಕೊಂಚ ಕೆಳಗ. ಆದರ ಒಳಗದಾಳ."

ಡಾಕ್ಟರ ಎಲ್ಲವನ್ನೂ ಚೊಕ್ಕಟವಾಗಿ ಬರೆದು ಕೊಲ್ಲಾಪುರಕ್ಕೆ ಕಳಿಸಿದ. ಜೂನಿನಲ್ಲಿ ತಾಯಿ ಮಗಳು ಸರ್ವಿಸ್ ಮೋಟಾರು ಹತ್ತಿದರು. ದಾರಿಯುದ್ದಕ್ಕೂ ಚಂಪಾಬಾಯಿ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿಗೆ ಗಡಹಿಂಗ್ಲಜದ ತಾಯಂದಿರ ಕತೆ ಹೇಳಿ ನಗಿಸಿದಳು. "ಹೆಂಥಾ ಹುಚ್ಚ ಹೆಂಗಸರ್ರಿ! ಮಗಾ ಎದುರಿಗೆ ರೊಟ್ಟಿ ತಿನ್ನಾಕತ್ತಾನ, ಇಕಿ ಉಣ್ಣೂದಿಲ್ಲ ಅಂತ ಅಳಾಕತ್ತಾಳ!" ಶಾಲನ ಕಿಟಕಿಯ ಹೊರಗೆ ನೋಡುತ್ತ ತುಟಿ ಕಚ್ಚಿ ನಗು ತಡೆದಳು.

ಟ್ರೇನಿಂಗ್ ಶಾಲೆಯ ಡಾಕ್ಟರರು ಹಿಂದಿನ ವರ್ಷದವರೇ. ವಯಸ್ಸಾದವರು, ಕನ್ನಡ ತಿಳಿಯುವವರು, ಗಡಸು ಮೋರೆ, ಆದರೆ ನ್ಯಾಯದ ಮನುಷ್ಯ. ಶಾಲನಳ ರಕ್ತ ಮತ್ತೊಮ್ಮೆ ನೋಡಿದರು. ಪದ್ಮಕುಮಾರನ ಹಾಳೆ ಮೇಜಿನ ಮೇಲಿತ್ತು. ಇದನ್ನು ಎರಡು ಸಲ ಓದಿದ್ದೇನೆ, ಹುಡುಗ ಪ್ರಾಮಾಣಿಕವಾಗಿ ಕೆಲಸ ಮಾಡಿದ್ದಾನೆ, ಇದರ ಪ್ರಕಾರ ನಿಮ್ಮ ಮಗಳ ರಕ್ತಕ್ಕೆ ಕುಂದಿಲ್ಲ ಎಂದು ಮರಾಠಿಯಲ್ಲಿ ಹೇಳಿ, ಲೇಖನಿ ತೆಗೆದರು. ಬರೆಯುವ ಮೊದಲು ರೂಢಿಯಂತೆ ತಲೆಯೆತ್ತಿ ತಾಯಿಯನ್ನು ಕೇಳಿದರು:

"ಮುಲಗೀ ಕಶೀ ಆಹೇ, ಬಾಯಿ?"

ಹುಡುಗಿ ಹೇಗಿದ್ದಾಳೆ? ಇಷ್ಟೇ ಪ್ರಶ್ನೆ. ಚಂಪಾಬಾಯಿಯ ಮೋರೆ ತಾನಾಗಿ ಇಳಿಯಿತು, ಬಾಯಿ ತಾನಾಗಿ ತೆರೆಯಿತು. "ಏನ ಹೇಳ್ಲಿರೀ ಸಾಹೇಬ್ರ! ಉಣ್ಣೂದಿಲ್ಲ, ತಿನ್ನೂದಿಲ್ಲ. ಬರೇ ಎಲಬ ಉಳದಾವ. ಥಂಡಿ ಬಂತಂದ್ರ ಕೆಮ್ಮ..."

ಲೇಖನಿ ನಿಂತಿತು.

"ಕೆಮ್ಮು ಬರುತ್ತದೆಯೇ?" ಎಂದು ಡಾಕ್ಟರರು ನಿಧಾನವಾಗಿ ಕೇಳಿದರು. "ಪ್ರತಿ ಚಳಿಗಾಲ?" ನೂರು ಹುಡುಗಿಯರು ಒಟ್ಟಿಗೆ ಮಲಗುವ ವಸತಿಗೆ ಕೆಮ್ಮಿನ ಹುಡುಗಿಯನ್ನು ಯಾರು ಸೇರಿಸಿಕೊಳ್ಳುತ್ತಾರೆ? ಅವರು ಲೇಖನಿಯನ್ನು ಕೆಳಗಿಟ್ಟರು.

ಶಾಲನ ತಿರುಗಿ ತಾಯಿಯನ್ನು ನೋಡಿದಳು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ತಾಯಿಯ ಬಾಯಿಂದ ಆ ಒಂದು ಮಾತು ಬರುವುದಿಲ್ಲವೆಂದು ಆ ಹುಡುಗಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು.

ಒಂದು ವರ್ಷ ಊರ ತಾಯಂದಿರನ್ನೆಲ್ಲ ಆಡಿಕೊಂಡು ನಕ್ಕ ಚಂಪಾಬಾಯಿಗೆ ತನ್ನ ನಾಲಿಗೆ ಏನು ಮಾಡಿತೆಂದು ಈಗ ತಿಳಿಯಿತು. ಹೇಳಿದರೆ ಮಗಳಿಗೆ ದೃಷ್ಟಿ, ಹೇಳದಿದ್ದರೆ ಇಚಲಕರಂಜಿ. ಇಪ್ಪತ್ತೊಂದು ವರ್ಷದ ಹೆದರಿಕೆ ಅದು, ಒಂದೇ ಗುಟುಕಿಗೆ ನುಂಗುವುದು ಸುಲಭವಲ್ಲ. ಆದರೂ ನುಂಗಿದಳು.

"ಸುಳ್ಳ ಹೇಳಿದ್ನಿರೀ, ಸಾಹೇಬ್ರ. ನಮ್ಮ ಕಡೆ ಹಡದವ್ರು ಹಿಂಗ ಅಂತೇವ್ರಿ, ದೃಷ್ಟಿಗೆ ಅಂಜಿ. ಕೆಮ್ಮಿಲ್ಲ, ಏನಿಲ್ಲ. ನನ್ನ ಮಗಳು..." ಮಗಳ ಕೈ ಹಿಡಿದುಕೊಂಡಳು. "ನನ್ನ ಮಗಳು ಗಟ್ಟಿ ಅದಾಳ."

ಕಟ್ಟೆ ಒಡೆಯಿತು. ಅರ್ಧ ಮರಾಠಿ, ಅರ್ಧ ಕನ್ನಡ, ಸಿಕ್ಕ ಸಿಕ್ಕದ್ದು. ಎರಡು ಬಗಲಿಗೆ ಎರಡು ಕೊಡ ತರುತ್ತಾಳೆ, ಮಹಾಗಾಂವದವರೆಗೆ ನಡೆದು ಹೋಗಿ ನಡೆದು ಬರುತ್ತಾಳೆ, ಒಂದೂಟಕ್ಕೆ ನಾಲ್ಕು ರೊಟ್ಟಿ ತಿನ್ನುತ್ತಾಳೆ, ಚಿಕ್ಕಪ್ಪನ ಮಗ ಜಡೆ ಜಗ್ಗಿದಾಗ ಅವನನ್ನೇ ಕೆಡವಿ ಬಡಿದಿದ್ದಾಳೆ, ಹಲ್ಲು ಒಂದೂ ಹುಳುಕಿಲ್ಲ, ಬಾಯಿ ತೆರೆದು ತೋರಿಸು ಶಾಲೂ! ಶಾಲನ ನಾಚಿ ನೆಲ ನೋಡುತ್ತಿದ್ದಳು. ಕೊನೆಗೆ ಡಾಕ್ಟರರ ಗಡಸು ಮೋರೆಯೇ ಸಡಿಲಾಯಿತು. ಹುಡುಗಿಯ ಎದೆಗೂ ಬೆನ್ನಿಗೂ ನಳಿಗೆ ಇಟ್ಟು ಆಲಿಸಿ, ಕೆಮ್ಮು ನಿಜಕ್ಕೂ ಇಲ್ಲವೆಂದು ತಿಳಿದುಕೊಂಡು, ಕಾಗದಕ್ಕೆ ಸಹಿ ಹಾಕಿದರು.

ಹೊರಗೆ ಬಂದರು. ಅವರನ್ನು ಮೋಟಾರು ನಿಲ್ದಾಣದಿಂದ ಕರೆತಂದಿದ್ದ ಟಾಂಗಾದವನು ಕುದುರೆಗೆ ನೀರು ಕುಡಿಸುತ್ತಿದ್ದ. ಬೇವಿನ ಗಿಡದ ಕೆಳಗೆ ಚಂಪಾಬಾಯಿ ನಿಂತಲ್ಲೇ ನಿಂತಳು. ಉಪ್ಪಿಲ್ಲ, ಮೆಣಸಿನಕಾಯಿ ಇಲ್ಲ, ಒಲೆ ಗಡಹಿಂಗ್ಲಜದಲ್ಲಿ. ಊರಿನಲ್ಲಿ ತಾಯಿ ದೃಷ್ಟಿ ತೆಗೆಯಲು ಬಂದಾಗಲೆಲ್ಲ ಪುಸ್ತಕ ಅಡ್ಡ ಹಿಡಿದು ನಗುತ್ತಿದ್ದ ಶಾಲನ ಈಗ ತಾನಾಗಿ ಎದುರಿಗೆ ಬಂದು ತಲೆ ಬಗ್ಗಿಸಿ ನಿಂತಳು.

"ತಗಿಯವ್ವಾ."

ಚಂಪಾಬಾಯಿ ಎರಡೂ ಅಂಗೈಗಳಿಂದ ಮಗಳ ಮುಖ ಸವರಿ, ತನ್ನ ಹಣೆಯ ಎರಡೂ ಪಕ್ಕಕ್ಕೆ ಒತ್ತಿ ನೆಟಿಗೆ ಮುರಿದಳು. ಹತ್ತೂ ಬೆರಳು ಒಟ್ಟಿಗೆ ಚಟಚಟ ಅಂದವು. ಕುದುರೆ ಕೂಡ ತಲೆಯೆತ್ತಿ ನೋಡಿತು.

"ಭಾಳ ಹೇಳಿದ್ನೇನ, ಶಾಲೂ?"

"ನಾ ತಿನ್ನೂದು ಮೂರ ರೊಟ್ಟಿ, ಅವ್ವಾ. ನಾಕ ಅಂದಿ."

"ಇನ್ನ ಮ್ಯಾಲೆ ನಾಕ ತಿನ್ನು. ಹೇಳಿ ಬಂದೇನಿ."

ಇಬ್ಬರೂ ನಕ್ಕರು. ನಗುತ್ತ ನಗುತ್ತ ಚಂಪಾಬಾಯಿಯ ಕಣ್ಣು ತುಂಬಿ ಬಂದವು. ಸೆರಗು ಕಣ್ಣಿಗೆ ಒತ್ತಿಕೊಂಡಳು. ಟಾಂಗಾದವನು ಹೊರಡೋಣವೇ ಎಂದು ಕೇಳಿದ, ಅವಳಿಗೆ ಕೇಳಿಸಲಿಲ್ಲ.

"ನಿಮ್ಮಣ್ಣ ಧರಣೇಂದ್ರನೂ ಗಟ್ಟಿನ ಇದ್ದ," ಅಂದಳು. "ನಾ ಅವತ್ತ ಸುಳ್ಳ ಹೇಳಿದ್ದಿಲ್ಲ."